ಕತ್ತರಿಗೆ ಸಿಗದ ಚಾಳಿ

“ಒಂದು ಆಪರೇಷನ್ ಮಾಡಿಸಿಬಿಡಿ, ಎಲ್ಲಾ ಸರಿಹೋಗುತ್ತೆ.” ನಾಯಿ, ಬೆಕ್ಕು ಸಾಕಿದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಹೇಳುವವರು ಪಕ್ಕದ ಮನೆಯವರಿರಬಹುದು, ಪಶುವೈದ್ಯರೇ ಇರಬಹುದು. ಆಪರೇಷನ್ ಆಗಿ ತಿಂಗಳುಗಳು ಕಳೆದ ಮೇಲೂ ನಾಯಿ ತನ್ನ ಜೊತೆಯ ನಾಯಿಯ ಮೇಲೋ, ಮನೆಯ ಬೆಕ್ಕಿನ ಮೇಲೋ ಹತ್ತತೊಡಗಿದರೆ ಮನೆಯವರಿಗೆ ಮೊದಲು ಮುಜುಗರ, ಆಮೇಲೆ ಸಿಟ್ಟು. ಡಾಕ್ಟರು ಸರಿಯಾಗಿ ಮಾಡಿಲ್ಲ ಎಂದು ದೂರುತ್ತಾರೆ, ಇಲ್ಲವೇ ನಾಯಿಗೆ ನಾಲ್ಕು ಬಿಡುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಜೊತೆಗೆ ಧಾರಾಳವಾಗಿ ಹಂಚುವ ಈ ಭರವಸೆಯ ಬಗ್ಗೆ ಇದೆ.

ಶಸ್ತ್ರಚಿಕಿತ್ಸೆಯಿಂದ ಆಗುವ ಉಪಕಾರ ಸಣ್ಣದಲ್ಲ. ಬೇಡದ ಮರಿಗಳು ಹುಟ್ಟುವುದು ನಿಲ್ಲುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿ ಹೆಣ್ಣುನಾಯಿ ಸಾಯುವ ಅಪಾಯ, ಗಂಡಿಗೆ ವೃಷಣದ ಗಡ್ಡೆ ಬರುವ ಅಪಾಯ ತಪ್ಪುತ್ತದೆ. ಬೀದಿನಾಯಿಗಳ ಸಂಖ್ಯೆ ಹತೋಟಿಗೆ ತರಲು 2001ರಲ್ಲೂ 2023ರಲ್ಲೂ ಕೇಂದ್ರ ಸರ್ಕಾರ ಮಾಡಿದ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ನೆಚ್ಚಿಕೊಂಡಿರುವುದೂ ಇದನ್ನೇ.

ನಡವಳಿಕೆಯ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದ ಪಶುವೈದ್ಯರು ಆಪರೇಷನ್ ಆದ 57 ಗಂಡುನಾಯಿಗಳ ಬಗ್ಗೆ ಸಾಕಿದವರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಂಡಕಂಡಲ್ಲಿ ಕಾಲೆತ್ತುವುದು, ಮನೆ ಬಿಟ್ಟು ಅಲೆಯುವುದು, ಹತ್ತುವುದು ಈ ಮೂರು ಚಾಳಿಗಳು ಶೇ. 60 ಅಥವಾ ಅದಕ್ಕಿಂತ ಹೆಚ್ಚು ನಾಯಿಗಳಲ್ಲಿ ಅರ್ಧದಷ್ಟಾದರೂ ಇಳಿದಿದ್ದವು. ಹೆಚ್ಚುಕಮ್ಮಿ ಬಿಟ್ಟೇಹೋಗಿದ್ದು ಶೇ. 25ರಿಂದ 40ರಷ್ಟು ನಾಯಿಗಳಲ್ಲಿ ಮಾತ್ರ. ಒಳ್ಳೆಯ ಫಲಿತಾಂಶವೇ. ಆದರೆ “ಎಲ್ಲಾ ಸರಿಹೋಗುತ್ತೆ” ಎನ್ನಲು ಇದು ಸಾಲದು.

ಯಾಕೆ ಸಾಲದು ಎಂಬುದಕ್ಕೆ ಉತ್ತರ ಮಿದುಳಿನಲ್ಲಿದೆ. ವೃಷಣ ತೆಗೆದರೆ ರಕ್ತದಲ್ಲಿನ ಟೆಸ್ಟೋಸ್ಟಿರಾನ್ ಬೇಗನೆ ಕುಸಿಯುತ್ತದೆ. ಆದರೆ ಅದೇ ಹಾರ್ಮೋನು ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಿದುಳನ್ನು ತಿದ್ದಿ ಹೋಗಿರುತ್ತದೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಗಬ್ಬದ ಗಿನಿಯಿಲಿಗಳಿಗೆ ಟೆಸ್ಟೋಸ್ಟಿರಾನ್ ಕೊಟ್ಟು ನಡೆಸಿದ ಪ್ರಯೋಗ 1959ರಲ್ಲೇ ಇದನ್ನು ತೋರಿಸಿತು: ಹುಟ್ಟಿದ ಹೆಣ್ಣುಮರಿಗಳು ಬೆಳೆದು ಗಂಡಿನಂತೆ ಹತ್ತುವುದು ಹೆಚ್ಚಾಗಿತ್ತು. ಅನುಭವದ ಪಾಲೂ ಇದೆ. 1958ರಲ್ಲಿ ನ್ಯೂಯಾರ್ಕಿನ ರೋಸೆನ್‌ಬ್ಲಾಟ್ ಮತ್ತು ಆರೊನ್ಸನ್ ಗಂಡುಬೆಕ್ಕುಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಮೊದಲೇ ಹೆಣ್ಣಿನೊಡನೆ ಕೂಡಿದ್ದವು ಆಪರೇಷನ್ ಆದ ಮೇಲೂ ಬಹಳ ಕಾಲ ಹತ್ತುತ್ತಿದ್ದವು. ಕೂಡಿರದವು ಬೇಗ ಬಿಟ್ಟವು.

ದನ ಕಟ್ಟಿದ ಮನೆಗಳಲ್ಲಿ ಇದು ಹೊಸ ಸುದ್ದಿಯೇ ಅಲ್ಲ. ಬೆದೆಗೆ ಬಂದ ಹಸು ಇನ್ನೊಂದು ಹಸುವಿನ ಮೇಲೆ ಹಾರುತ್ತದೆ, ಬೀಜ ಒಡೆಸಿದ ಎತ್ತೂ ಒಮ್ಮೊಮ್ಮೆ ಹಾರುತ್ತದೆ. ಅದಕ್ಕೆ ಯಾರೂ ಎತ್ತಿನ ನಡತೆ ಕೆಟ್ಟಿತು ಎನ್ನುವುದಿಲ್ಲ.

ಇನ್ನೂ ಮುಖ್ಯವಾದ ಮಾತೆಂದರೆ, ಹತ್ತುವುದೆಲ್ಲ ಕಾಮವಲ್ಲ. ಕೆಲವೇ ವಾರಗಳ ನಾಯಿಮರಿಗಳು, ಹೆಣ್ಣು ಗಂಡೆನ್ನದೆ, ಆಟದಲ್ಲಿ ಒಂದರ ಮೇಲೊಂದು ಹತ್ತುತ್ತವೆ. ಬೆಳೆದ ನಾಯಿಯನ್ನು ಹತ್ತಿರದಿಂದ ಗಮನಿಸಿ. ಡೋರ್‌ಬೆಲ್ ಸದ್ದಾಗುತ್ತದೆ, ಮನೆ ತುಂಬ ಜನ, ಎಲ್ಲರದ್ದೂ ಜೋರು ಮಾತು. ನಾಯಿ ಬಾಗಿಲಿಗೂ ಸೋಫಾಕ್ಕೂ ನಾಲ್ಕು ಸಲ ಓಡುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಮೈ ಬಿಗಿಯುತ್ತದೆ. ಆಮೇಲೆಯೇ ಪಕ್ಕದಲ್ಲಿದ್ದ ನಾಯಿಯ ಸೊಂಟ ತಬ್ಬುವುದು. ತಡೆಯಲಾರದ ಉದ್ವೇಗ ಹೊರಬರಲು ಕಂಡುಕೊಂಡ ದಾರಿ ಅದು. ಎಲ್ಲರೂ ಒಟ್ಟಿಗೆ “ಛೀ, ಥೂ” ಎಂದು ಕೂಗಿದರೆ ಉದ್ವೇಗ ಇನ್ನಷ್ಟು ಏರುತ್ತದೆ.

ಇಂಥ ನಾಯಿಯನ್ನು ತೋರಿಸಿ “ದರ್ಪ ತೋರಿಸ್ತಿದೆ, ಬಗ್ಗಿಸಬೇಕು” ಎಂದು ಕತ್ತುಪಟ್ಟಿ ಜಗ್ಗಿ ನೆಲಕ್ಕೆ ಒತ್ತುವ ತರಬೇತುದಾರರಿದ್ದಾರೆ. ಇದನ್ನು ಕಟುವಾಗಿಯೇ ಖಂಡಿಸಬೇಕು. ಹೆದರಿದ ನಾಯಿಗೆ ಇನ್ನೊಂದು ಹೆದರಿಕೆ ಸೇರಿಸುವುದು ತರಬೇತಿಯಲ್ಲ, ಹಿಂಸೆ. ಆಕಳಿಕೆ ಕಂಡಾಗಲೇ ಹೆಸರು ಹಿಡಿದು ಮೆಲ್ಲಗೆ ಕರೆದು, ಬಂದರೆ ತಿನ್ನಲು ಕೊಟ್ಟು, ಬೇರೆ ಕೋಣೆಯಲ್ಲಿ ಕಡಿಯಲು ಏನಾದರೂ ಹಾಕಿದರೆ ಆ ಸಲಕ್ಕೆ ಹತ್ತುವ ಗೊಡವೆಗೇ ಹೋಗದೆ ಇರಬಹುದು. ಮೈಮೇಲೆ ಹತ್ತಿಸಿಕೊಳ್ಳುವ ಪ್ರಾಣಿಯ ಕಷ್ಟವನ್ನೂ ನೋಡಬೇಕು. ಅದು ಗುರ್ ಎನ್ನುವ ಮೊದಲೇ ಬೇರೆ ಮಾಡಬೇಕು. ಬೆಕ್ಕಾದರೆ ಎತ್ತರದಲ್ಲಿ ಹೋಗಿ ಕೂರಲು ಜಾಗವಿರಬೇಕು.

ಆಪರೇಷನ್ ಮಾಡುವ ವೈದ್ಯರು ಮೊದಲೇ ಎರಡು ನಿಮಿಷ ಕೂರಿಸಿ ಇಷ್ಟನ್ನು ಹೇಳಿದರೆ ಎಷ್ಟೋ ಏಟುಗಳು ತಪ್ಪುತ್ತವೆ. ಜೊತೆಗೆ ಇನ್ನೊಂದು ಮಾತು: ಇಲ್ಲದ ಚಾಳಿ ಥಟ್ಟನೆ ಶುರುವಾದರೆ ಅದನ್ನು ಚಾಳಿ ಎಂದು ತಳ್ಳಿಹಾಕಬಾರದು. ಮೂತ್ರನಾಳದ ಸೋಂಕು ಇರಬಹುದು, ಚರ್ಮದ ತುರಿಕೆ ಇರಬಹುದು. ಕೆಲವು ಗಂಡುಗಳಲ್ಲಿ ಒಂದು ವೃಷಣ ಹೊಟ್ಟೆಯೊಳಗೇ ಉಳಿದಿರುತ್ತದೆ. ಹೆಣ್ಣುಗಳಲ್ಲಿ ಅಪರೂಪಕ್ಕೆ ಅಂಡಾಶಯದ ಚೂರು ಉಳಿದು ಮತ್ತೆ ಬೆದೆ ಬರುವುದುಂಟು. ಆ ಲಕ್ಷಣ ಕಾಣುವ ದಿನಗಳಲ್ಲೇ ಆಸ್ಪತ್ರೆಗೆ ಕರೆದೊಯ್ದರೆ ಅದನ್ನು ಪತ್ತೆಹಚ್ಚುವುದು ಸುಲಭ.