‘ಗೊಲ್ಗೊಥಾ’: ಜನರ ಕೂಗು ಮತ್ತು ಕವಿಯ ಸತ್ಯ

ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುಕ್ರಿಸ್ತನ ಅವಸಾನವನ್ನು ವಸ್ತುವಾಗಿಸಿಕೊಂಡು ರಚಿಸಿದ ಖಂಡಕಾವ್ಯವು ‘ಗೊಲ್ಗೊಥಾ’. ಸುವಾರ್ತೆಯ ಕಥೆ ಸರ್ವವಿದಿತವಾದುದು: ಯೇಸುವು ನಿರಪರಾಧಿಯೆಂದು ಬಲ್ಲ ಪಿಲಾತನು ಜನರ ಕೂಗಿಗಂಜಿ ಕೈತೊಳೆದುಕೊಂಡನು, ಸತ್ಯಕ್ಕೆ ಸಾಕ್ಷಿಯಾಗಿ ಬಂದ ಸೆರೆಯಾಳಾದರೋ ಪ್ರಾಣಕ್ಕಾಗಿ ಮಾತು ತಿರುಗಿಸಲಿಲ್ಲ. ಅಧಿಕಾರವಿದ್ದವನು ಅಂಜಿದನು, ಬಂಧನದಲ್ಲಿದ್ದವನು ಅಂಜಲಿಲ್ಲ. ಪೈಗಳ ಸಂಸ್ಕೃತಭೂಯಿಷ್ಠ ಶೈಲಿಯು ಸಾಮಾನ್ಯ ವಾಚಕನಿಗೆ ಕ್ಲಿಷ್ಟವೇ ಸರಿ. ಆದರೂ ಅನ್ಯಮತದ ಮಹಾಪುರುಷನ ವ್ಯಥೆಯನ್ನು ತನ್ನದೆಂದು ಭಾವಿಸಿದ ಹೃದಯವು ಅದರಲ್ಲಿ ಮರೆಯಾಗದು.

ಮುಧೋಳದ ಸೀಮೆಯವರಿಗೆ ಇಂತಹ ಕವಿಧರ್ಮವು ಹೊಸತಲ್ಲ. ಇಲ್ಲಿ 949ರಲ್ಲಿ ಹುಟ್ಟಿದ ರನ್ನನು ‘ಗದಾಯುದ್ಧ’ದಲ್ಲಿ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕೊಂಡಾಡಿಯೂ, ಸೋಲುವ ದುರ್ಯೋಧನನ ಛಲವನ್ನು ಮರೆಮಾಚಲಿಲ್ಲ. ಗೆಲ್ಲುವವರ ಎದುರಿನಲ್ಲಿ ಸೋಲುವವನ ಸತ್ಯವನ್ನು ನುಡಿಯಬಲ್ಲವನೇ ಕವಿ. ‘ಗೊಲ್ಗೊಥಾ’ದ ನಿಜವಾದ ಬೆಲೆಯೂ ಅಲ್ಲಿಯೇ ಇದೆ.