ಮುರಿದ ಗೊರಸಿಗೆ ಗಡುವು ಹಾಕಬೇಡಿ

ಮೈಸೂರು ಸೀಸನ್ನಿನ ಎಳೆಯ ಕುದುರೆಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಮಾಲೀಕರೊಬ್ಬರ ಪತ್ರ ಬಂದಿದೆ, ಅದಕ್ಕೆ ಉತ್ತರ ತಡವಾದರೆ ಒಂದು ಪ್ರಾಣಿಯ ಕಾಲಿಗೇ ಕುತ್ತು. ಅವರ ಎರಡು ವರ್ಷದ ಗಂಡು ಕುದುರೆಗೆ ಎಡ ಮುಂಗಾಲಿನ ಪೆಡಲ್ ಬೋನ್, ಅಂದರೆ ಗೊರಸಿನೊಳಗಿನ ಮೂಳೆ, ಮುರಿದು ನಾಲ್ಕು ತಿಂಗಳಾಯಿತಂತೆ. ಕುಂಟು ಹೋಗಿದೆ, ಎಕ್ಸ್‌ರೇಯಲ್ಲಿ ಮಾತ್ರ ಮುರಿತದ ಗೆರೆ ಹಾಗೇ ಇದೆ. ಒಬ್ಬರು, ‘ಕುಂಟು ಹೋದ ಮೇಲೆ ಲಾಯದಲ್ಲಿ ಕಟ್ಟಿ ಮೇವು ಹಾಕುವುದೇಕೆ, ಟ್ರ್ಯಾಕಿಗೆ ಬಿಡಿ’ ಅಂದರಂತೆ. ಇನ್ನೊಬ್ಬರು, ‘ಗೆರೆ ಹೋಗದ ಕುದುರೆ ಓಡುವ ಮಾತೇ ಇಲ್ಲ, ಕೈಬಿಡಿ’ ಅಂದರಂತೆ. ಈ ಎರಡೂ ಸಲಹೆಗಳ ಜೊತೆ ನನಗೆ ಹಳೆಯ ಜಗಳವಿದೆ.

ಗೆರೆಯ ವಿಷಯ ಮೊದಲು. ಕಾಲಿನ ಬೇರೆ ಮೂಳೆ ಮುರಿದರೆ ಅದರ ಮೇಲಿನ ಪೊರೆ ಚುರುಕಾಗಿ, ಮುರಿದ ಜಾಗದ ಸುತ್ತ ಹೊಸ ಮೂಳೆಯ ಗಂಟು ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಅದು ಎದ್ದು ಕಾಣುತ್ತದೆ, ನೋಡಿದವರಿಗೂ ಧೈರ್ಯ ಬರುತ್ತದೆ. ಪೆಡಲ್ ಬೋನಿಗೆ ಅಂಥ ದಪ್ಪ ಪೊರೆಯಿಲ್ಲ, ಗಂಟು ಕಟ್ಟಲು ಜಾಗವೂ ಇಲ್ಲ. ಅದು ಗೊರಸಿನ ಕವಚದೊಳಗೆ ಕೂತ ಮೂಳೆ. ಸುಮಾರು 550ರಿಂದ 600 ತೆಳುಪದರಗಳು ಅದನ್ನು ಗೊರಸಿನ ಒಳಗೋಡೆಗೆ ಹೆಣೆದು ಹಿಡಿದಿರುತ್ತವೆ. ಅಂಥ ಕಡೆ ಬಿರುಕು ಬಿಟ್ಟಾಗ ಮೊದಲು ಸೇರಿಕೊಳ್ಳುವುದು ನಾರಿನಂಥ ಅಂಗಾಂಶ. ಅದು ಮೂಳೆಯಾಗಿ ಗಟ್ಟಿಯಾಗುವುದು ಬಹಳ ನಿಧಾನ. ಎಕ್ಸ್‌ರೇಯಲ್ಲಿ ನಾರು ಕಾಣುವುದಿಲ್ಲ, ಅದು ಹಿಡಿದಿಟ್ಟಿರುವ ಸಂದಷ್ಟೇ ಕಾಣುತ್ತದೆ. ವರ್ಷ ಕಳೆದರೂ ಗೆರೆ ಉಳಿದ, ಆದರೂ ನೇರವಾಗಿ ಓಡಿದ ಕುದುರೆಗಳುಂಟು. ಗೆರೆಯೊಂದನ್ನೇ ನೋಡಿ ಕುದುರೆಯನ್ನು ಕೈಬಿಡುವುದು ದೊಡ್ಡ ಅನ್ಯಾಯ.

ಇದೇ ಎಕ್ಸ್‌ರೇ ಮೊದಲ ದಿನ ಇನ್ನೊಂದು ರೀತಿ ದಾರಿ ತಪ್ಪಿಸುತ್ತದೆ. ಹೊಸ ಬಿರುಕು ಕೂದಲೆಳೆಯಷ್ಟಿದ್ದರೆ ಫಿಲ್ಮಿನಲ್ಲಿ ಬೀಳುವುದೇ ಇಲ್ಲ. ಒಂದೆರಡು ವಾರದಲ್ಲಿ ಬಿರುಕಿನ ಅಂಚು ಕರಗಿ ಸಂದು ಅಗಲವಾದಾಗ ಕಾಣುತ್ತದೆ, ಅದೂ ಬೇರೆ ಬೇರೆ ಓರೆಯಿಂದ ತೆಗೆದರೆ. ಆ ನಡುವೆ ಏನಾಗುತ್ತದೆ? ಕುದುರೆ ಇದ್ದಕ್ಕಿದ್ದಂತೆ ಕಾಲೂರುವುದಿಲ್ಲ, ಗೊರಸು ಬಿಸಿ, ಇಕ್ಕಳದಲ್ಲಿ ಒತ್ತಿದರೆ ಕಾಲು ಕಿತ್ತುಕೊಳ್ಳುತ್ತದೆ. ಗೊರಸಿನಲ್ಲಿ ಕೀವು ತುಂಬಿದಾಗಲೂ ಇದೇ ಲಕ್ಷಣ, ಕೀವೇ ಹೆಚ್ಚು ಸಾಮಾನ್ಯ ಕೂಡ. ಹಾಗಾಗಿ ಚಾಕು ತೆಗೆದುಕೊಂಡು ತಳ ಕೆರೆಯಲು ಶುರು. ಒಂದು ಲಾಯದಲ್ಲಿ ಮೂರು ಜನ ಸರದಿಯ ಮೇಲೆ ಕೀವು ಹುಡುಕಿ, ಹೆಣ್ಣು ಮರಿಯೊಂದರ ಅಂಗಾಲನ್ನು ಕಾಗದದಷ್ಟು ತೆಳ್ಳಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೀವು ಸಿಗಲಿಲ್ಲ. ಹತ್ತು ದಿನದ ಮೇಲೆ ಮೂಳೆಯ ರೆಕ್ಕೆಯಲ್ಲಿ, ಅಂದರೆ ಅದು ಹಿಂದಕ್ಕೆ ಚಾಚಿಕೊಂಡ ಭಾಗದಲ್ಲಿ, ಬಿರುಕು ಕಾಣಿಸಿತು. ಮೂಳೆ ಕೂಡುವವರೆಗೆ ಆ ಗೊರಸು ಗಟ್ಟಿಯಾಗಿ ಹಿಡಿದಿಡಬೇಕಿತ್ತು. ಅದನ್ನೇ ಕೆತ್ತಿ ಹಾಳುಮಾಡಿದ್ದರು. ಒಮ್ಮೆ ಕೆರೆದು ಕೀವು ಸಿಗದಿದ್ದರೆ ಚಾಕು ಕೆಳಗಿಡಿ, ಕುದುರೆಯನ್ನು ನಿಲ್ಲಿಸಿ, ಮತ್ತೆ ಎಕ್ಸ್‌ರೇ ತೆಗೆಸಿ. ಮುರಿತದ ಅನುಮಾನವಿರುವಾಗ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ದೌಡು ಓಡಿಸಿ ನೋಡುವುದಂತೂ ಕೂಡದು. ನೋವು ಮರೆತ ಕುದುರೆ ಪೂರ್ತಿ ಭಾರ ಹಾಕಿ ಸಣ್ಣ ಬಿರುಕನ್ನು ದೊಡ್ಡದು ಮಾಡಿಕೊಳ್ಳುತ್ತದೆ.

ಪೆಡಲ್ ಬೋನ್ ಮುರಿತದಲ್ಲಿ ಏಳು ಬಗೆ ಎಂದು ಪಶುವೈದ್ಯರು ಎಣಿಸುತ್ತಾರೆ. ನಮ್ಮ ಓದುಗರಿಗೆ ಮುಖ್ಯವಾದ ಪ್ರಶ್ನೆ ಒಂದೇ: ಬಿರುಕು ಕೀಲಿನೊಳಕ್ಕೆ ಹೋಗಿದೆಯೇ, ಇಲ್ಲವೇ? ಹೋಗದಿದ್ದರೆ ಆಸೆ ಹೆಚ್ಚು. ಹೋಗಿದ್ದರೂ ಮೂರು ವರ್ಷದೊಳಗಿನ ಕುದುರೆಯಾದರೆ ನಿರಾಶರಾಗಬೇಕಿಲ್ಲ, ಎಳೆಯ ಮೂಳೆ ಕೂಡಿಕೊಳ್ಳುವ ಬಗೆಯೇ ಬೇರೆ. ಮೂಳೆ ನಡುವೆ ಸೀಳಿ ಕೀಲಿಗೆ ತಾಗಿದ್ದರೆ, ಅದರಲ್ಲೂ ವಯಸ್ಸಾದ ಕುದುರೆಯಾದರೆ, ಸ್ಕ್ರೂ ಹಾಕುವ ಮಾತು ಬರುತ್ತದೆ. ಅದು ಶಸ್ತ್ರವೈದ್ಯರ ತೀರ್ಮಾನ.

ಮುರಿದ ಗೊರಸನ್ನು ಹಿಡಿದಿಡುವ ಲಾಳ, ಬಾರ್ ಶೂ, ಅದರ ವಿಷಯಕ್ಕೆ ಬರುತ್ತೇನೆ. ಕುದುರೆ ಕಾಲೂರಿದಾಗ ಗೊರಸಿನ ಹಿಂಭಾಗ ಕೊಂಚ ಅಗಲವಾಗುತ್ತದೆ, ಎತ್ತಿದಾಗ ಮತ್ತೆ ಕೂಡುತ್ತದೆ. ನಾಗಾಲೋಟದಲ್ಲಿ ಒಂದು ಮುಂಗಾಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು ಭಾರ ಬೀಳುತ್ತದೆಂದರೆ ಈ ಹಿಗ್ಗುವಿಕೆ ಎಷ್ಟು ಬೇಕೆಂದು ಗೊತ್ತಾಗುತ್ತದೆ. ಅದೇ ಹಿಗ್ಗುವಿಕೆ ಮುರಿದ ರೆಕ್ಕೆಗೆ ಹಗೆ. ಪ್ರತಿ ಹೆಜ್ಜೆಗೂ ತುಂಡು ಮೂಳೆಯಿಂದ ಕೂದಲೆಳೆಯಷ್ಟು ಸರಿದು ಮತ್ತೆ ಬಂದು ಕೂರುತ್ತದೆ. ಬಾರ್ ಶೂ ಹಿಂದಿನ ಎರಡು ತುದಿಗಳನ್ನು ಅಡ್ಡಪಟ್ಟಿಯಿಂದ ಕೂಡಿಸುತ್ತದೆ. ಪಕ್ಕದ ಕ್ಲಿಪ್ಪುಗಳು, ಇಲ್ಲವೇ ಸುತ್ತಲೂ ಎದ್ದ ಅಂಚು, ಗೊರಸಿನ ಗೋಡೆ ಅಗಲವಾಗದಂತೆ ತಡೆಯುತ್ತವೆ. ಒಳ್ಳೆಯ ಫ್ಯಾರಿಯರ್ (ಲಾಳ ಕಟ್ಟುವವನು) ಇದನ್ನು ಕೂಡಿಸುವುದನ್ನು ನಿಂತು ನೋಡಬೇಕು. ಗೊರಸನ್ನು ಮೊಣಕಾಲ ನಡುವೆ ಹಿಡಿದು, ಲಾಳವನ್ನು ಬಿಸಿಯಾಗಿ ಒಂದು ಗಳಿಗೆ ಒತ್ತಿ ತೆಗೆಯುತ್ತಾನೆ. ಸುಟ್ಟ ಕೊಂಬಿನ ವಾಸನೆ, ಹಳದಿ ಹೊಗೆ. ಗೊರಸಿನ ಮೇಲೆ ಎಲ್ಲಿ ಕಪ್ಪಾಗಿಲ್ಲವೋ ಅಲ್ಲಿ ಲಾಳ ತಾಗಿಲ್ಲವೆಂದು ಅರ್ಥ, ಅಲ್ಲಿ ಅರ ಆಡಿಸುತ್ತಾನೆ. ಮೊಳೆ ಹೊಡೆಯುವಾಗ ಸುತ್ತಿಗೆ ಸಣ್ಣ ಸಣ್ಣ ಏಟು ಹಾಕುತ್ತದೆ, ಮುರಿದ ಮೂಳೆಗೆ ಅದುರು ತಾಗಬಾರದೆಂದು. ಮೊಳೆಗಳೆಲ್ಲ ಗೊರಸಿನ ಮುಂಭಾಗದಲ್ಲೇ ಇರುತ್ತವೆ.

ಇದನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಬಿಚ್ಚಿ ಕೂಡಿಸಬೇಕು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನ ಹತ್ತಿರ ಬೆಳೆಯುತ್ತದೆ. ಬೆಳೆದ ಗೊರಸಿನ ಮೇಲೆ ಹಳೆಯ ಲಾಳ ಮುಂದಕ್ಕೆ ಜಾರುತ್ತದೆ, ಕ್ಲಿಪ್ಪು ಹಿಡಿಯಬೇಕಾದ ಜಾಗ ಬಿಡುತ್ತದೆ. ಎಕ್ಸ್‌ರೇಗೆ ಕೇಳಿದಷ್ಟು ದುಡ್ಡು ಕೊಡುವ ಮಾಲೀಕರು ಈ ಒಂದು ಖರ್ಚನ್ನು ಎರಡು ವಾರ ಮುಂದೂಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಲಾಳವೇ ಬೇಡ ಎನ್ನುವ ಪಂಥದವರು ಈಗ ಕೈಯೆತ್ತುತ್ತಾರೆಂದು ಗೊತ್ತು. ಅವರು ಸದಾ ಆಸರೆಗೆ ಹಿಡಿಯುವುದು ಜೆನೊಫನ್‌ನನ್ನು. ಕುದುರೆಗಳ ಕುರಿತ ಅವನ ಪುಸ್ತಕವನ್ನು ಅವರಿಗಿಂತ ಹೆಚ್ಚಾಗಿ ಪ್ರೀತಿಸುವವನು ನಾನು, ಹಾಗಾಗಿ ಅದರಲ್ಲಿ ಇರುವುದನ್ನು ಪೂರ್ತಿ ಹೇಳಿಬಿಡುತ್ತೇನೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಅಥೆನ್ಸಿನ ಈ ಸೈನಿಕ, ಸಾಕ್ರಟೀಸನ ಶಿಷ್ಯ, ಕುದುರೆ ಕೊಳ್ಳುವವನಿಗೆ ಮೊದಲು ಹೇಳುವುದೇ ಕಾಲು ನೋಡು ಎಂದು. ಕಾಲಿನಲ್ಲೂ ಮೊದಲು ಗೊರಸು: ದಪ್ಪವಿರಬೇಕು, ಎತ್ತರವಿರಬೇಕು, ತಳ ಟೊಳ್ಳಾಗಿ ಒಳಸರಿದಿರಬೇಕು. ಅಂಥ ಗೊರಸು ನೆಲಕ್ಕೆ ಬಡಿದಾಗ ತಾಳದ ಸದ್ದು ಬರುತ್ತದೆ. ತನಗಿಂತ ಮೊದಲು ಬರೆದ ಸೈಮನ್ ಎಂಬುವನೂ ಈ ಸದ್ದಿನ ಮಾತು ಹೇಳಿದ್ದಾನೆಂದು ನೆನೆಯುತ್ತಾನೆ. ಆಮೇಲೆ ಲಾಯಕ್ಕೆ ಬರುತ್ತಾನೆ. ಒದ್ದೆ ನೆಲ, ನುಣುಪು ನೆಲ ಒಳ್ಳೆಯ ಗೊರಸನ್ನೂ ಕೆಡಿಸುತ್ತದೆ. ನೀರು ಹರಿದುಹೋಗಲು ನೆಲ ಇಳಿಜಾರಿರಲಿ, ಗೊರಸಿನ ಗಾತ್ರದ ಕಲ್ಲು ಹಾಸಿರಲಿ. ಹೊರಗೆ ನಾಲ್ಕೈದು ಬಂಡಿ ಗುಂಡುಕಲ್ಲು ಸುರಿದು, ಚೆದುರದಂತೆ ಕಬ್ಬಿಣದ ಅಂಚು ಕಟ್ಟಿ, ಮೈಯುಜ್ಜುವಾಗ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕು. ಒಂದೊಂದು ಕಲ್ಲೂ ಹೆಚ್ಚುಕಡಿಮೆ ಅರ್ಧ ಕೆ.ಜಿ. ನೊಣ ಓಡಿಸಲು ಕುದುರೆ ಕಾಲು ಝಾಡಿಸಿದಾಗಲೆಲ್ಲ ಗೊರಸು ಗಟ್ಟಿಯಾಗುತ್ತದೆ. ಮೊಳೆ ಹೊಡೆದ ಲಾಳ ಅವನ ಕಾಲದ ಗ್ರೀಸಿನಲ್ಲಿರಲಿಲ್ಲ. ಗೊರಸೇ ಎಲ್ಲ. ಅದಕ್ಕೇ ಆ ಕಾಳಜಿ.

ಬೆಂಗಳೂರಿನ ಜುಲೈ ತಿಂಗಳಲ್ಲಿ ಲಾಯಗಳ ಮುಂದಿನ ಕೆಸರು ನೋಡಿದವರು ಆ ಇಳಿಜಾರಿನ ಮಾತನ್ನು ಇವತ್ತೇ ಜಾರಿಗೆ ತರಬೇಕು. ಒದ್ದೆಯಲ್ಲಿ ನಿಂತ ಗೊರಸು ಮೆತ್ತಗಾಗಿ ಮೊಳೆ ಸಡಿಲವಾಗುತ್ತದೆ. ಮೊಳೆ ಸಡಿಲವಾದ ಬಾರ್ ಶೂ ಇದ್ದೂ ಇಲ್ಲದಂತೆ. ಆದರೆ ಜೆನೊಫನ್ ಬರೆದದ್ದು ಗಟ್ಟಿಮುಟ್ಟಾದ ಕುದುರೆಗೆ. ಮುರಿದ ಪೆಡಲ್ ಬೋನಿನ ಕುದುರೆಯನ್ನು ಗುಂಡುಕಲ್ಲಿನ ಮೇಲೆ ನಿಲ್ಲಿಸು ಎಂದು ಅವನು ಎಲ್ಲೂ ಹೇಳಿಲ್ಲ. ಬರಿಗಾಲ ಪಂಥದವರು ಅವನ ಆರೋಗ್ಯಶಾಸ್ತ್ರವನ್ನು ತಂದು ಚಿಕಿತ್ಸೆಗೆ ಹಚ್ಚುತ್ತಿದ್ದಾರೆ.

ಅವರ ಮಾತು ನೂರಕ್ಕೆ ನೂರು ಸರಿಯಿರುವ ಜಾಗ ಒಂದಿದೆ, ಅದನ್ನು ಮರೆಮಾಚುವುದಿಲ್ಲ. ಅದು ಹಾಲು ಕುಡಿಯುವ ಮರಿ. ಸ್ಟಡ್ ಫಾರ್ಮುಗಳಲ್ಲಿ ತಾಯಿಯ ಹಿಂದೆ ಗಟ್ಟಿ ನೆಲದಲ್ಲಿ ಓಡುವ ಮರಿಗಳಿಗೆ ಮೂಳೆಯ ಹಿಂತುದಿಯಲ್ಲಿ ಸಣ್ಣ ಬಿರುಕು ಬರುವುದುಂಟು, ಕೀಲಿಗೆ ತಾಗದ್ದು. ಏಳನೆಯ ಬಗೆ ಎನ್ನುವುದು ಇದನ್ನೇ. ಎಷ್ಟೋ ಸಲ ಎರಡು ದಿನ ಕುಂಟಿ ಸುಮ್ಮನಾಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕೆ ಲಾಳ ಹೊಡೆಯುವುದಾಗಲಿ ಗಟ್ಟಿ ಕವಚ ಬಿಗಿಯುವುದಾಗಲಿ ತಪ್ಪು. ದಿನದಿನಕ್ಕೂ ಅಗಲವಾಗುತ್ತಿರುವ ಗೊರಸನ್ನು ಕಟ್ಟಿಹಾಕಿದರೆ ಹಿಮ್ಮಡಿ ಸೊಟ್ಟಗೆ ಕುಗ್ಗುತ್ತದೆ. ತಾಯಿ ಮರಿ ಇಬ್ಬರನ್ನೂ ಸಣ್ಣ ಜಾಗದಲ್ಲಿ ಮೆತ್ತನೆಯ ಹಾಸಿನ ಮೇಲೆ ಎರಡು ತಿಂಗಳು ಇಟ್ಟರೆ ಬಹುಪಾಲು ತಾನಾಗಿ ಕೂಡಿಕೊಳ್ಳುತ್ತದೆ.

ನಮ್ಮ ಎರಡು ವರ್ಷದ ಕುದುರೆಗೆ ಬರೋಣ. ಮೂರು ನಾಲ್ಕು ತಿಂಗಳು ಲಾಯದಲ್ಲೇ ನಿಲ್ಲಬೇಕಾದ ಎಳೆಯ ಕುದುರೆಗೆ ಮೊದಲ ಅಪಾಯ ಮೇವಿನದು. ಕೆಲಸದಲ್ಲಿದ್ದಾಗಿನ ಓಟ್ಸು, ಹುರುಳಿ ಹಾಗೇ ಮುಂದುವರಿದರೆ ರಕ್ತ ಬಿಸಿಯಾಗಿ ಬಾಗಿಲು ಒದೆಯುತ್ತದೆ, ಹಿಂಗಾಲ ಮೇಲೆ ನಿಲ್ಲುತ್ತದೆ, ಹೊಟ್ಟೆನೋವು ಬೇರೆ. ಕಾಳು ತಗ್ಗಿಸಿ ಒಣಹುಲ್ಲು ಹೆಚ್ಚಿಸಿ. ದಿನವಿಡೀ ಮೆಲ್ಲಲು ಸಿಗುವಂತೆ ಸಣ್ಣ ಸಣ್ಣ ಕಂತಿನಲ್ಲಿ ಕೊಡಿ. ಕುದುರೆಮಸಾಲೆ ಸೊಪ್ಪು ಸ್ವಲ್ಪವಿರಲಿ, ಬೆಳೆಯುವ ಮೂಳೆಗೆ ಸುಣ್ಣದಂಶ ಬೇಕು. ಎದುರಿಗೆ ಇನ್ನೊಂದು ಕುದುರೆ ಕಾಣುವ ಬಾಕ್ಸ್ ಕೊಡಿ. ಒಂಟಿಯಾಗಿ ಗೋಡೆ ನೋಡಿಕೊಂಡು ನಿಂತ ಮರಿ ಸುತ್ತು ಹಾಕಲು ಶುರುಮಾಡುತ್ತದೆ, ಪ್ರತಿ ಸುತ್ತೂ ಮುರಿದ ಗೊರಸಿನ ಮೇಲೆ ತಿರುಚು.

ಎರಡನೆಯ ಅಪಾಯ ಎದುರುಗಾಲಿನದು. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೊ ಎರಡು ವಾರದ ಮೇಲೆ ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರಿನಲ್ಲಿ ಡೀನ್ ರಿಚರ್ಡ್‌ಸನ್ ಆ ಚೂರುಗಳನ್ನು ಕೂಡಿಸಿದರು. ಮುರಿದ ಮೂಳೆ ಕೂಡುತ್ತಾ ಬಂದರೂ ಭಾರ ಹೊತ್ತ ಎಡ ಹಿಂಗಾಲಿನ ಗೊರಸಿಗೆ ಲ್ಯಾಮಿನೈಟಿಸ್, ಅಂದರೆ ಒಳಗಿನ ತೆಳುಪದರಗಳ ಉರಿಯೂತ, ಹತ್ತಿತು, ಕೊನೆಗೆ ಮುಂಗಾಲುಗಳಿಗೂ ಬಂತು. 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಟ್ಟರು. ಅದು ಗೊರಸಿನ ಮೂಳೆಯ ಮುರಿತವಲ್ಲ, ಅಷ್ಟು ಘೋರ ಸ್ಥಿತಿ ಇಲ್ಲಿಲ್ಲ. ಆದರೂ ಕುದುರೆ ಒಂದು ಕಾಲೆತ್ತಿ ನಿಂತಷ್ಟು ದಿನ ಎಲ್ಲರೂ ಆ ಕಾಲನ್ನೇ ನೋಡುತ್ತಾರೆ. ಜಾಣ ಸೈಸ್ (ಲಾಯದಾಳು) ಇನ್ನೊಂದನ್ನು ನೋಡುತ್ತಾನೆ. ಬೆಳಗಿನ ಜಾವ ಫೆಟ್‌ಲಾಕ್ ಕೀಲಿನ ಹಿಂದೆ ಎರಡೂ ಪಕ್ಕ ಬೆರಳಿಟ್ಟು ನಾಡಿ ಹಿಡಿಯುತ್ತಾನೆ. ಆರೋಗ್ಯದ ಕಾಲಿನಲ್ಲಿ ಅದು ಹುಡುಕಿದರೆ ಸಿಗುವಷ್ಟು ಮೆಲ್ಲಗಿರುತ್ತದೆ. ಬೆರಳನ್ನು ತಾನೇ ತಳ್ಳುವಂತೆ ಹೊಡೆದರೆ ಆ ಗೊರಸಿನೊಳಗೆ ಏನೋ ನಡೆದಿದೆ. ನಾಲ್ಕೂ ಕಾಲು, ದಿನಾ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ತಪಾಸಣೆ ಯಾವ ಆಸ್ಪತ್ರೆಯಲ್ಲೂ ಇಲ್ಲ.

ನೋವಿನ ಪುಡಿಯ ಬಗ್ಗೆ ಒಂದು ಮಾತು. ಮೊದಲ ದಿನಗಳಲ್ಲಿ ಬ್ಯೂಟ್ (ಫಿನೈಲ್‌ಬ್ಯುಟಝೋನ್) ಬೇಕು, ಎದುರುಗಾಲು ಉಳಿಸಲಾದರೂ ಬೇಕು. ಆಮೇಲೆ ವಾರಗಟ್ಟಲೆ ಕೊಟ್ಟು ‘ಕುಂಟು ಹೋಯಿತು’ ಎನ್ನುವುದು ಕುದುರೆಗೆ ಮಾಡುವ ದ್ರೋಹ. ಎಳೆಯ ಕುದುರೆಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ನಡೆ ನೋಡಬೇಕಾದ ದಿನಕ್ಕೆ ಬಹಳ ಮೊದಲೇ ಪುಡಿ ನಿಂತಿರಬೇಕು.

ಪತ್ರ ಬರೆದವರು ಈಗ ಮಾಡಬೇಕಾದ್ದು ಇಷ್ಟು. ಕಾಲಿಗೆ ಹಾಕಿಸಿರುವ ಬಾರ್ ಶೂ ಬಿಚ್ಚಬೇಡಿ. ವೈದ್ಯರು ಒಪ್ಪಿದರೆ ಕೈಹಗ್ಗದಲ್ಲಿ, ಸಮನೆಲದ ಮೇಲೆ, ನೇರ ದಾರಿಯಲ್ಲಿ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರ ವಾರಕ್ಕೆ ಹೆಚ್ಚಿಸಿ. ಲಂಜಿಂಗ್ ಹಗ್ಗ ಮುಟ್ಟಲೇಬೇಡಿ. ಸುತ್ತು ತಿರುಗುವಾಗ ಮುರಿದ ರೆಕ್ಕೆಯ ಮೇಲೆ ಬೀಳುವ ತಿರುಚು ನೇರ ನಡಿಗೆಯಲ್ಲಿಲ್ಲ. ಗಟ್ಟಿ ನೆಲದಲ್ಲಿ ದೌಡಿನಲ್ಲೂ, ಎರಡೂ ಕಡೆ ತಿರುಗುವಾಗಲೂ ತಲೆ ಒಂದೇ ಲಯದಲ್ಲಿದ್ದರೆ ಆಮೇಲೆ ಸವಾರಿಯ ಮಾತು. ಪೆಟ್ಟು ಬಿದ್ದ ದಿನದಿಂದ ಕೆಲಸಕ್ಕೆ ಮರಳುವವರೆಗೆ ಆರರಿಂದ ಹನ್ನೆರಡು ತಿಂಗಳು. ಗೊರಸಿನ ಮುಂಭಾಗ ಮೇಲಂಚಿನಿಂದ ನೆಲದವರೆಗೆ ಪೂರ್ತಿ ಹೊಸದಾಗಲು ಕೂಡ ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಅಷ್ಟರಲ್ಲಿ ಕುದುರೆಯ ಕಾಲವೇ ಮುಗಿಯುತ್ತದೆ ಎನ್ನುವವರು ನಮ್ಮ ಕ್ಯಾಲೆಂಡರನ್ನು ಸರಿಯಾಗಿ ನೋಡಿಲ್ಲ. ಎಪ್ಸಮ್ಮಿನಲ್ಲಿ, ಕೆಂಟಕಿಯಲ್ಲಿ ಡರ್ಬಿ ಮೂರು ವರ್ಷದ ಕುದುರೆಗಳಿಗೆ. 1943ರಿಂದ ಮುಂಬೈನಲ್ಲಿ ನಡೆಯುತ್ತಿರುವ ಇಂಡಿಯನ್ ಡರ್ಬಿ ನಾಲ್ಕು ವರ್ಷದವುಗಳಿಗೆ. ಅಲ್ಲಿನವರಿಗಿಲ್ಲದ ಒಂದು ವರ್ಷ ನಮ್ಮ ಕೈಯಲ್ಲಿದೆ. ಎರಡು ವರ್ಷದಲ್ಲಿ ಪೆಟ್ಟಾದ ಕುದುರೆಗೆ ಆ ವರ್ಷವನ್ನು ಪೂರ್ತಿ ಕೊಟ್ಟರೂ ಅದರ ದೊಡ್ಡ ಓಟಗಳು ಇನ್ನೂ ಮುಂದೆಯೇ ಇರುತ್ತವೆ. ಬಾರ್ ಶೂ ಕಳಚಿದ ಮೇಲೂ, ಕೆಲವು ಸಲ ಬಿಚ್ಚಿ ಕೂಡಿಸುವವರೆಗೆ, ಕ್ಲಿಪ್ಪಿರುವ ಮಾಮೂಲಿ ಉಕ್ಕಿನ ಲಾಳವೇ ಇರಲಿ. ಅಲ್ಯೂಮಿನಿಯಂ ರೇಸಿಂಗ್ ಪ್ಲೇಟು ಎಲ್ಲಕ್ಕಿಂತ ಕೊನೆಗೆ, ಆ ದಿನವನ್ನು ವೈದ್ಯರೂ ಫ್ಯಾರಿಯರೂ ಕೂತು ನಿಶ್ಚಯಿಸಲಿ.