ಹಳೇ ನುಡಿಯ ಸೆಟಪ್ ಅಳಿಸಬೇಡಿ

ಈ ವಾರ ವಿಂಡೋಸ್ 11ರ ಹೊಸ ಸವಲತ್ತುಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದದ್ದೇ ನೆಪವಾಗಿ ಹಳೆಯದನ್ನೆಲ್ಲ, ಕನ್ನಡ ಟೈಪ್ ಮಾಡುವ ಹಳೇ ನುಡಿ ತಂತ್ರಾಂಶವನ್ನೂ ಸೇರಿಸಿ, ಗುಡಿಸಿ ಹಾಕುವ ಉತ್ಸಾಹ ಕೆಲವರಿಗೆ ಬಂದಿದೆ. ಮೊದಲು ಅವರ ಕೈ ಹಿಡಿದು ನಿಲ್ಲಿಸಬೇಕು.

ಜಿಡಗಾದ ಯಾರದೋ ಲಗ್ನಪತ್ರಿಕೆಯೋ ಸಂಘದ ನಡಾವಳಿಯೋ ಆಳಂದದ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫೈಲಾಗಿ ಕೂತಿದೆ ಅನ್ನಿ. ಅದರೊಳಗೆ ಇರುವುದು ನಿಜಕ್ಕೂ ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ತೊಡಿಸಿದ ಕನ್ನಡದ ವೇಷ. ಫಾಂಟ್ ಹೋಯಿತೋ, ವೇಷ ಕಳಚಿತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ, ಪರಿವರ್ತಕಗಳೂ ಇವೆ, ಒಪ್ಪಿದೆ. ಆದರೆ 'ಧರ್ಮ' ಎಂದು ಬರೆಯುವಾಗ ಹಳೇ ನುಡಿಯಲ್ಲಿ ಅರ್ಕಾವೊತ್ತು 'ಮ' ಆದಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರವೇ ಮೊದಲು. ಪರಿವರ್ತಕ ಈ ಅದಲುಬದಲಿನಲ್ಲಿ ಎಡವಿದರೆ ಯಾವುದು ಸರಿಯೆಂದು ಹೇಳುವವರು ಯಾರು? ಮೂಲ ಫೈಲನ್ನು ಹಳೇ ನುಡಿಯಲ್ಲೇ ತೆರೆದು ಪಕ್ಕದಲ್ಲಿಟ್ಟು ನೋಡಬೇಕು.

'ಹೊಸದೇ ಸುರಕ್ಷಿತ' ಪಂಥದವರಿಗೆ 2024ರ ಜುಲೈ 19 ನೆನಪಿಸುತ್ತೇನೆ. ಅಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದೇ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಅದಕ್ಕಿಂತ ನನಗೆ ಪ್ರಿಯವಾದದ್ದು 2016ರ ಲೆಫ್ಟ್-ಪ್ಯಾಡ್ ಪ್ರಸಂಗ: ಹನ್ನೊಂದು ಸಾಲಿನ ಒಂದು ತುಣುಕು ಕೋಡನ್ನು ಬರೆದವನೇ ಎನ್‌ಪಿಎಂ ಎಂಬ ಕೋಡ್ ಭಂಡಾರದಿಂದ ತೆಗೆದುಹಾಕಿದ, ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡ ತಂತ್ರಾಂಶಗಳ ಕಟ್ಟೋಣವೇ ನಿಂತಿತು. ಕೊನೆಗೆ ಎನ್‌ಪಿಎಂ ಅದೇ ಹಳೇ ಆವೃತ್ತಿಯನ್ನು ಮರಳಿ ತಂದಿಟ್ಟಿತು, ಆಮೇಲೆ ತೆಗೆದುಹಾಕುವ ನಿಯಮವನ್ನೂ ಬಿಗಿ ಮಾಡಿತು.

ಬೀಜದ ಅಂಗಡಿಯವನು ಎಷ್ಟೇ ಹೊಗಳಲಿ, ಹೊಸ ತೊಗರಿ ತಳಿ ಹೊಲದಲ್ಲಿ ಕಾಯಿ ಬಿಡುವವರೆಗೆ ನಮ್ಮ ಕಡೆಯ ರೈತ ಮನೆಯ ಬೀಜ ಮಾರುವುದಿಲ್ಲ. ಉಬುಂಟು ಕೂಡ ಹೊಸ ಕರ್ನೆಲ್ ಹಾಕುವಾಗ ಹಳೆಯದನ್ನು ಉಳಿಸಿಕೊಳ್ಳುತ್ತದೆ. ಹೊಸದು ಏಳದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನೇ ಆರಿಸಬಹುದು. ವಿಂಡೋಸ್ ಮಾತ್ರ ಹಳೆಯ ಆವೃತ್ತಿಗೆ ಹಿಂದಿರುಗಲು ಕೊಡುವುದು ಸಾಮಾನ್ಯವಾಗಿ 10 ದಿನ. ಜಿಪುಣತನ!

ಹಾಗೆಂದು ಹಳೇ ವಿಂಡೋಸ್‌ನಲ್ಲೇ ಬ್ಯಾಂಕಿನ ವ್ಯವಹಾರ ಮಾಡಿ ಎನ್ನುತ್ತಿಲ್ಲ. ಹಳೆಯ ಯಂತ್ರವನ್ನು ಇಂಟರ್ನೆಟ್ ಇಲ್ಲದೆ ಮೂಲೆಯಲ್ಲಿಡಿ. ನುಡಿಯ ಸೆಟಪ್, ಫಾಂಟುಗಳನ್ನು ಎರಡು ಕಡೆ ನಕಲು ಮಾಡಿ, ಆವೃತ್ತಿ ಸಂಖ್ಯೆ ಬರೆದಿಡಿ. ಅಪ್‌ಗ್ರೇಡ್ ಬಟನ್ ಒತ್ತುವುದು ಆಮೇಲೆ.